ಸಣ್ಣ ಸ್ಲಾಟ್ ಜರಡಿ ಅಗ್ಗಕ್ಕೆ ಮಾಡಿಸಬೇಕೆ? ಡೈ, ಲೇಸರ್, ವೈರ್‌ಕಟ್, ಎಚಿಂಗ್: ಯಾವುದು ಯಾವಾಗ

ಪವರ್ ಸ್ಪ್ರೇಯರ್‌ಗೆ, ಸಣ್ಣ ಪಂಪಿಗೆ, ಗೊಬ್ಬರದ ನೀರು ಬಿಡುವ ಲೈನಿಗೆ ಕೂರಿಸುವ ಸ್ಟೀಲ್ ಜರಡಿಯನ್ನು ತುಮಕೂರಿನಲ್ಲಿ ಮಾಡಿಸಲು ಹೊರಟವರು ಮೊದಲು ಕೇಳುವುದು "ಎಲ್ಲಿ ಅಗ್ಗ?" ಅಂತ. ಅಂತರಸನಹಳ್ಳಿಯಲ್ಲಿ ಒಂದು ರೇಟು, ಹಿರೇಹಳ್ಳಿಯಲ್ಲಿ ಇನ್ನೊಂದು, ಬೆಂಗಳೂರಿನ ಪೀಣ್ಯಕ್ಕೆ ಹೋದರೆ ಮತ್ತೊಂದು. ಮೂರೂ ಕೊಟೇಶನ್ ಪಕ್ಕಪಕ್ಕ ಇಟ್ಟರೆ ಒಂದೇ ಬಿಲ್ಲೆಗೆ ಹಲವು ಪಟ್ಟು ವ್ಯತ್ಯಾಸ ಕಾಣುವುದುಂಟು. ಮೋಸ ಅಂತಲ್ಲ. ಒಬ್ಬರು ಲೇಸರ್ ಲೆಕ್ಕದಲ್ಲಿ ಹೇಳಿರುತ್ತಾರೆ, ಇನ್ನೊಬ್ಬರು ವೈರ್‌ಕಟ್ (ವಿದ್ಯುತ್ ಕಿಡಿ ಹಾರುವ ತಂತಿಯಿಂದ ಕತ್ತರಿಸುವುದು) ಲೆಕ್ಕದಲ್ಲಿ, ಮೂರನೆಯವರು ಡೈ (ತಗಡಿನಲ್ಲಿ ಆಕಾರ ಹೊಡೆಯುವ ಅಚ್ಚು) ಖರ್ಚನ್ನು ಪೀಸ್ ರೇಟಿನೊಳಗೇ ತೂರಿಸಿರುತ್ತಾರೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ದುಡ್ಡು ಉಳಿಯುವುದು ಅಂಗಡಿ ಬದಲಿಸುವುದರಲ್ಲಲ್ಲ, ಡ್ರಾಯಿಂಗಿನಲ್ಲಿರುವ ಎರಡು ಅಂಕಿ ಬದಲಿಸುವುದರಲ್ಲಿ. ಸ್ಲಾಟಿನ, ಅಂದರೆ ನೀರು ಹಾಯುವ ಉದ್ದನೆಯ ಸೀಳಿನ, ಅಗಲ ಒಂದು, ತಗಡಿನ ದಪ್ಪ ಇನ್ನೊಂದು.

ಮಾತು ಗಾಳಿಯಲ್ಲಿ ತೇಲದಿರಲಿ ಅಂತ ಒಂದು ಬಿಲ್ಲೆಯನ್ನೇ ಮುಂದಿಟ್ಟುಕೊಳ್ಳೋಣ. ವ್ಯಾಸ 50 ಮಿ.ಮೀ., 304 ಸ್ಟೇನ್‌ಲೆಸ್ ಸ್ಟೀಲ್, ದಪ್ಪ 0.5 ಮಿ.ಮೀ. ಅದರಲ್ಲಿ 60 ಸ್ಲಾಟ್, ಒಂದೊಂದೂ 10 ಮಿ.ಮೀ. ಉದ್ದ, 0.3 ಮಿ.ಮೀ. ಅಗಲ. ವಾಷರ್ ಕೂರಲು ಸುತ್ತ 3 ಮಿ.ಮೀ. ಬಿಟ್ಟರೆ ನೀರು ಹಾಯುವ ವೃತ್ತ 44 ಮಿ.ಮೀ., ಅದರ ವಿಸ್ತೀರ್ಣ ಸುಮಾರು 1,520 ಚದರ ಮಿ.ಮೀ. ಸ್ಲಾಟುಗಳೆಲ್ಲ ಸೇರಿ ತೆರೆದಿರುವ ಜಾಗ 180 ಚದರ ಮಿ.ಮೀ., ಅಂದರೆ ನೂರಕ್ಕೆ 12. ಒಳವ್ಯಾಸ 12 ಮಿ.ಮೀ. ಇರುವ ಪೈಪಿನ ಬಾಯಿ 113 ಚದರ ಮಿ.ಮೀ. ಹೊಸದರಲ್ಲಿ ಈ ಜರಡಿ ಸಾಕು. ಅರ್ಧ ಕಟ್ಟಿಕೊಂಡ ದಿನ 90ಕ್ಕೆ ಇಳಿದು ಪಂಪು ಒದ್ದಾಡುತ್ತದೆ. ರೇಟು ಕೇಳುವುದಕ್ಕೆ ಮುಂಚೆ ಈ ಲೆಕ್ಕ ಹಾಕಿಕೊಳ್ಳಿ. ಅಗ್ಗದ ಜರಡಿ ಬೇಗ ಕಟ್ಟಿಕೊಂಡರೆ ಬೈಗುಳ ಬರುವುದು ಮಾಡಿಕೊಟ್ಟವನಿಗಲ್ಲ, ಮಾರಿದವನಿಗೆ.

ಸ್ಲಾಟೇ ಬೇಕೆ?

ಮೊದಲ ಪ್ರಶ್ನೆ ಇದೇ ಆಗಬೇಕು, ಆದರೆ ಯಾರೂ ಕೇಳುವುದಿಲ್ಲ. 50 ಮೆಶ್‌ನ (ಇಂಚಿಗೆ 50 ಕಣ್ಣಿನ) ಹೆಣೆದ ಜಾಲರಿಯಲ್ಲಿ ಕಣ್ಣಿನ ಅಳತೆ ಹೆಚ್ಚುಕಡಿಮೆ ಇದೇ 0.3 ಮಿ.ಮೀ. ರೋಲಿನಲ್ಲಿ ಸಿಗುತ್ತದೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮೀಟರ್ ಲೆಕ್ಕದಲ್ಲಿ ಕೊಂಡು ತಂದು ಸಾದಾ ಬ್ಲ್ಯಾಂಕಿಂಗ್ ಡೈಯಲ್ಲಿ ಬಿಲ್ಲೆ ಹೊಡೆದು, ಸುತ್ತ ಒಂದು ರಿಂಗ್ ಮಡಚಿದರೆ ಕೆಲಸ ಮುಗಿಯಿತು. ತೆರೆದ ಜಾಗವೂ ಜಾಲರಿಯಲ್ಲೇ ಜಾಸ್ತಿ. 80 ಮೆಶ್ ತೆಗೆದುಕೊಳ್ಳಿ: ಇಂಚಿಗೆ 80 ಕಣ್ಣು ಅಂದರೆ ತಂತಿಯಿಂದ ತಂತಿಗೆ 0.3175 ಮಿ.ಮೀ., ಕಣ್ಣು 0.18 ಮಿ.ಮೀ. ಇದ್ದರೆ ನೂರಕ್ಕೆ 32ರಷ್ಟು ತೆರೆದಿರುತ್ತದೆ. ನಮ್ಮ ಸ್ಲಾಟ್ ಬಿಲ್ಲೆಯ 12 ಎಲ್ಲಿ, ಇದು ಎಲ್ಲಿ.

ಹಾಗಿದ್ದರೂ ಸ್ಲಾಟ್ ಯಾಕೆ ಕೇಳುತ್ತಾರೆ ಅಂದರೆ ಕಾರಣ ತೋಟದಲ್ಲಿದೆ. ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟದವರು ಬೋರ್ಡೋ ದ್ರಾವಣ ಮಾಡಿಕೊಳ್ಳುವುದು ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಹಾಕಿ. ಸುಣ್ಣ ಎಷ್ಟು ಸೋಸಿದರೂ ಹರಳು ಉಳಿಯುತ್ತದೆ. ಹೆಣೆದ ಜಾಲರಿಯಲ್ಲಿ ಆ ಹರಳು ತಂತಿಗಳು ಒಂದರ ಮೇಲೊಂದು ಹಾಯುವ ಮೂಲೆಯಲ್ಲಿ ಸಿಕ್ಕಿಕೊಂಡು ಗಟ್ಟಿಯಾಗುತ್ತದೆ. ಬ್ರಷ್‌ನಲ್ಲಿ ತಿಕ್ಕಿದರೆ ಹೋಗುವುದಿಲ್ಲ, ಸೂಜಿ ಹಾಕಿದರೆ ಕಣ್ಣು ಹಿಗ್ಗುತ್ತದೆ. ಸ್ಲಾಟ್ ಆದರೆ ಹಳೇ ಹಲ್ಲುಜ್ಜುವ ಬ್ರಷ್ಷನ್ನು ಸ್ಲಾಟಿನ ಉದ್ದಕ್ಕೆ ಎರಡು ಸಲ ಎಳೆದರೆ ಚೊಕ್ಕ. ಟೊಮೆಟೊಗೆ ನೀರಿನಲ್ಲಿ ಕದಡುವ ಪುಡಿ ಔಷಧಿ ಹೊಡೆಯುವ ಕೋಲಾರದ ಕಡೆಯೂ ಇದೇ ಕಥೆ. ಆದ್ದರಿಂದ ಜರಡಿಯನ್ನು ದಿನವೂ ತೊಳೆದು ಮತ್ತೆ ಹಾಕುವುದಾದರೆ ಸ್ಲಾಟ್. ಕೆಟ್ಟಾಗ ಬಿಸಾಡಿ ಹೊಸದು ಹಾಕುವುದಾದರೆ ಜಾಲರಿ. ಎರಡನೇ ಗುಂಪಿನವರು ಈ ಬರಹ ಇಲ್ಲಿಗೇ ನಿಲ್ಲಿಸಬಹುದು, ಜಾಲರಿಗಿಂತ ಅಗ್ಗದ್ದು ಮುಂದೆ ಯಾವುದೂ ಬರುವುದಿಲ್ಲ.

ಡ್ರಿಪ್‌ಗೆ ಅಂತ ಮಾಡಿಸುವವರಿಗೆ ಒಂದು ಮಾತು. ಡ್ರಿಪ್ ಲೈನಿನ ಕೊನೆಯ ಫಿಲ್ಟರ್ ಸಾಮಾನ್ಯವಾಗಿ 120 ಮೆಶ್, ಅಂದರೆ ಸುಮಾರು 0.13 ಮಿ.ಮೀ. ನಮ್ಮ 0.3ರ ಸ್ಲಾಟ್ ಅಲ್ಲಿ ಮೊದಲ ಹಂತದ ಒರಟು ಜರಡಿಯಾಗಿ ಮಾತ್ರ ನಡೆಯುತ್ತದೆ. ಅದೂ ಅಲ್ಲದೆ ಸ್ಲಾಟಿನ ಉದ್ದ 10 ಮಿ.ಮೀ. ಇರುವುದರಿಂದ ತೆಳ್ಳನೆಯ ನಾರು, ಪಾಚಿಯ ಎಳೆ ಉದ್ದುದ್ದಕ್ಕೆ ತಿರುಗಿ ನುಸುಳಿಬಿಡುತ್ತವೆ.

ಪ್ರೆಸ್ ಮತ್ತು ಡೈ

ತುಮಕೂರಿನವರ ಮನಸ್ಸು ಮೊದಲು ಓಡುವುದೇ ಇಲ್ಲಿಗೆ. ಇಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಇತ್ತು. 2016ರಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನೇ ಮುಚ್ಚುವ ತೀರ್ಮಾನವಾಯಿತು, ಜಾಗ ಇಸ್ರೋಗೆ ಹೋಯಿತು. ಗಡಿಯಾರದ ಸಣ್ಣ ಭಾಗಗಳಿಗೆ ಡೈ ಕೂರಿಸಿದ ಕೈಗಳು ಎಂಥವೆಂದು ಊರಿಗೆ ಗೊತ್ತು. ಅಂಥ ಹಳೇ ಟೂಲ್‌ರೂಮಿನವರ ಮುಂದೆ ನಮ್ಮ ಡ್ರಾಯಿಂಗ್ ಇಟ್ಟರೆ ಬರುವ ಉತ್ತರ ಇಷ್ಟೇ: "ಸಾರ್, ತಗಡು ಅರ್ಧ ಮಿ.ಮೀ., ಪಂಚ್ ಪಾಯಿಂಟ್ ಮೂರು. ಇದು ಪಂಚ್ ಅಲ್ಲ, ಬ್ಲೇಡು. ಸ್ಟೇನ್‌ಲೆಸ್‌ನಲ್ಲಿ ಎಷ್ಟು ಹೊತ್ತು ನಿಲ್ಲುತ್ತೆ ಹೇಳಿ?"

ಅವರ ಮಾತು ಸರಿ. ಪಂಚ್ ಅಂದರೆ ತಗಡನ್ನು ತೂರಿಕೊಂಡು ಡೈಯೊಳಗೆ ಇಳಿಯುವ ಗಟ್ಟಿ ಉಕ್ಕಿನ ತುಂಡು. ಮೈಲ್ಡ್ ಸ್ಟೀಲ್‌ನಲ್ಲೇ ಸ್ಲಾಟಿನ ಅಗಲ ತಗಡಿನ ದಪ್ಪಕ್ಕಿಂತ ಕಡಿಮೆ ಆಗಬಾರದು ಅನ್ನುವುದು ಪ್ರೆಸ್ ಕೆಲಸದ ಹಳೇ ಲೆಕ್ಕ. ಸ್ಟೇನ್‌ಲೆಸ್ ಹೊಡೆದಷ್ಟೂ ಗಟ್ಟಿಯಾಗುವ ಲೋಹ, ಪಂಚ್‌ಗೆ ಕಚ್ಚಿಕೊಳ್ಳುವ ಗುಣ ಬೇರೆ. ಅದಕ್ಕೆ ದಪ್ಪದ ಒಂದೂವರೆ ಪಟ್ಟು ಅಗಲ ಇದ್ದರೆ ಡೈ ಮಾಡುವವರಿಗೆ ರಾತ್ರಿ ನಿದ್ದೆ. 0.5ರ ತಗಡಿಗೆ ಅದು 0.75 ಮಿ.ಮೀ. ಆಗುತ್ತದೆ. 0.3 ಬೇಕೇ ಬೇಕು ಅಂದರೆ ತಗಡು 0.2ಕ್ಕೆ ಇಳಿಯಬೇಕು. ಯಾವುದೂ ಬದಲಿಸುವುದಿಲ್ಲ ಅಂತ ಹಠ ಹಿಡಿದರೆ ಡೈ ಆಗುತ್ತದೆ, ಆದರೆ ಪಂಚ್ ಮುರಿದಾಗಲೆಲ್ಲ ಪ್ರೆಸ್ ನಿಲ್ಲುತ್ತದೆ, ಆ ಖರ್ಚು ಕೊಟೇಶನ್‌ನಲ್ಲಿ ಕಾಣುವುದಿಲ್ಲ.

ಪ್ರೆಸ್ಸಿನ ಟನ್ ಲೆಕ್ಕವನ್ನೂ ನೀವೇ ಹಾಕಬಹುದು. ಸ್ಲಾಟನ್ನು 0.75ಕ್ಕೆ ಹಿಗ್ಗಿಸಿದೆವು ಅನ್ನಿ. ಒಂದು ಸ್ಲಾಟಿನ ಸುತ್ತಳತೆ ಹೆಚ್ಚುಕಡಿಮೆ 21 ಮಿ.ಮೀ. ಅದನ್ನು ದಪ್ಪ 0.5ರಿಂದ ಗುಣಿಸಿ, ಚದರ ಮಿ.ಮೀ.ಗೆ ಸುಮಾರು 500 ನ್ಯೂಟನ್‌ನಂತೆ ಸ್ಟೇನ್‌ಲೆಸ್‌ನ ಕತ್ತರಿಕೆಯ ಬಲ ಹಿಡಿದರೆ ಒಂದು ಸ್ಲಾಟಿಗೆ ಅರ್ಧ ಟನ್ ಮೀರುತ್ತದೆ. ಅರವತ್ತನ್ನೂ ಒಂದೇ ಪೆಟ್ಟಿಗೆ ಹೊಡೆಯಲು 32 ಟನ್. ಬಿಲ್ಲೆಯ ಸುತ್ತು ಕತ್ತರಿಸುವುದು, ಪಂಚ್‌ನಿಂದ ತಗಡು ಬಿಡಿಸುವ ಸ್ಟ್ರಿಪ್ಪರ್‌ನ ಎಳೆತ ಬೇರೆ. ಹತ್ತು ಟನ್ನಿನ ಪ್ರೆಸ್ ಇಟ್ಟುಕೊಂಡಿರುವವರು ಇದನ್ನು ಒಪ್ಪಿಕೊಂಡರೆ ಅನುಮಾನಪಡಿ. ಅವರಲ್ಲಿ ಆಗುವ ದಾರಿ ಪ್ರೋಗ್ರೆಸಿವ್ ಡೈ: ಪಟ್ಟಿ ಮುಂದೆ ಸರಿದಂತೆ ಒಂದು ಪೆಟ್ಟಿಗೆ ಒಂದಷ್ಟು ಸ್ಲಾಟ್, ಅದೂ ಒಂದು ಬಿಟ್ಟು ಒಂದು, ಕೊನೆಯ ಸ್ಟೇಷನ್‌ನಲ್ಲಿ ಬಿಲ್ಲೆ. ಪಂಚ್ ಮತ್ತು ಡೈ ನಡುವಿನ ಸಂದು ಪಕ್ಕಕ್ಕೆ 0.03ರಿಂದ 0.04 ಮಿ.ಮೀ. ಮಾತ್ರ. ಅಷ್ಟು ಬಿಗಿಯ ಕೆಲಸಕ್ಕೆ ಗೈಡ್ ಪಿಲ್ಲರ್ ಇರುವ ಡೈಸೆಟ್ ಬೇಕೇ ಬೇಕು. ಕೈಯಲ್ಲಿ ತಿರುಗಿಸುವ ಫ್ಲೈ ಪ್ರೆಸ್ಸಿನಲ್ಲಿ ಸ್ಯಾಂಪಲ್ ಚೆನ್ನಾಗಿ ಬಂತು ಅಂತ ಮರುಳಾಗಬೇಡಿ.

ಇದಕ್ಕೆ ಒಂದು ಅಡ್ಡದಾರಿಯಿದೆ, ನನಗೆ ಬಹಳ ಇಷ್ಟವಾದದ್ದು. ತಗಡಿನಿಂದ ಚೂರು ಹೊರಗೆ ತೆಗೆಯದೆ, ಎರಡು ಗೆರೆ ಸೀಳಿ ನಡುವಿನ ಪಟ್ಟಿಯನ್ನು ಸ್ವಲ್ಪ ಮೇಲಕ್ಕೆ ಉಬ್ಬಿಸುವುದು. ಉಬ್ಬಿದ ಪಟ್ಟಿಯ ಎರಡೂ ಪಕ್ಕ ಸಂದು ಬೀಳುತ್ತದೆ, ಅದೇ ಸ್ಲಾಟ್. ಬೋರ್‌ವೆಲ್ ಕೇಸಿಂಗ್‌ನಲ್ಲಿ ಬ್ರಿಡ್ಜ್ ಸ್ಲಾಟ್ ಪೈಪ್ ಅಂತ ಬರುವುದು ಇದೇ. ಇಲ್ಲಿ ಸಂದಿನ ಅಗಲವನ್ನು ತೀರ್ಮಾನಿಸುವುದು ಪಂಚ್ ಎಷ್ಟು ಕೆಳಗೆ ಇಳಿಯಿತು ಅನ್ನುವುದು, ಪಂಚ್‌ನ ಅಗಲ ಅಲ್ಲ. ಪಂಚ್ ಎರಡು ಮೂರು ಮಿ.ಮೀ. ಅಗಲ ಇಟ್ಟು, ದಷ್ಟಪುಷ್ಟವಾಗಿ ಮಾಡಬಹುದು, 0.5ರ ತಗಡಿನಲ್ಲೇ 0.3ರ ಸಂದು ಬರುತ್ತದೆ. ಬಿಲ್ಲೆ ಚಪ್ಪಟೆಯಾಗಿ ಉಳಿಯುವುದಿಲ್ಲ, ಉಬ್ಬಿನ ಮೇಲೆ ಬ್ರಷ್ ಆಡುವುದು ಸ್ವಲ್ಪ ಕಷ್ಟ, ಪ್ರೆಸ್ಸಿನ ಇಳಿತ ಸಡಿಲವಾದರೆ ಸಂದು ಏರುಪೇರಾಗುತ್ತದೆ. ಆದರೂ ಹತ್ತು ಸಾವಿರದ ಮೇಲೆ ಪೀಸು ಬೇಕಾದವರು ಡೈ ಮಾಡುವವರ ಹತ್ತಿರ ಈ ಮಾತು ತೆಗೆಯದೆ ಬರಬಾರದು.

ಇನ್ನೊಂದು ಸುಲಭ: ಸ್ಲಾಟ್ 0.8, 1 ಮಿ.ಮೀ. ಆದರೂ ನಡೆಯುವುದಾದರೆ ಡೈಯೇ ಬೇಡ. ಪರ್ಫೊರೇಟೆಡ್ ಶೀಟ್ ಮಾಡುವವರಲ್ಲಿ ಸ್ಲಾಟ್ ಹೊಡೆದ ತಗಡು ವಿಚಾರಿಸಿ, ಅದರಲ್ಲಿ ಬಿಲ್ಲೆ ಕತ್ತರಿಸಿ. ಅಂಚಿನಲ್ಲಿ ಸ್ಲಾಟುಗಳು ಅರ್ಧಂಬರ್ಧ ತುಂಡಾಗುತ್ತವೆ, ರಿಂಗ್ ಅಥವಾ ರಬ್ಬರ್ ವಾಷರ್ ಅದನ್ನು ಮುಚ್ಚುವಂತಿದ್ದರೆ ತಂಟೆಯಿಲ್ಲ.

ಲೇಸರ್

ಡೈ ಇಲ್ಲ, ಕಾಯುವುದಿಲ್ಲ, ಡ್ರಾಯಿಂಗ್ ಫೈಲ್ ಕೊಟ್ಟರೆ ಸಂಜೆಗೆ ಮಾಲು. ಹಾಗಾಗಿ ಮೊದಲ ಲಾಟಿಗೆ ಲೇಸರ್ ಬಿಟ್ಟರೆ ಬೇರೆ ಯೋಚನೆ ಬೇಡ. ಆದರೆ ಲೇಸರ್‌ನವರು ಬಿಲ್ ಮಾಡುವುದು ಎರಡರ ಮೇಲೆ: ಎಷ್ಟು ಉದ್ದ ಕತ್ತರಿಸಿದೆ, ಎಷ್ಟು ಸಲ ಚುಚ್ಚಿದೆ. ನಮ್ಮ ಬಿಲ್ಲೆಯಲ್ಲಿ ಚುಚ್ಚುವುದೇ 61 ಸಲ. ತೆಳು ತಗಡಿನಲ್ಲಿ ಚುಚ್ಚುವುದಕ್ಕೆ, ಒಂದು ಸ್ಲಾಟಿನಿಂದ ಇನ್ನೊಂದಕ್ಕೆ ತಲೆ ಹಾರುವುದಕ್ಕೆ ಹೋಗುವ ಹೊತ್ತೇ ಕತ್ತರಿಸುವ ಹೊತ್ತಿಗಿಂತ ಹೆಚ್ಚಾದರೂ ಆಯಿತು.

ಉದ್ದದ ಲೆಕ್ಕ ಸ್ವಾರಸ್ಯವಾಗಿದೆ. ತೆಳು ತಗಡಿನಲ್ಲಿ ಫೈಬರ್ ಲೇಸರ್ ಬಿಡುವ ಸಾಲಿನ ಅಗಲ 0.1ರಿಂದ 0.2 ಮಿ.ಮೀ. 0.3ರ ಸ್ಲಾಟ್ ಅಂತ ಬರೆದರೆ ಆಪರೇಟರ್ ಸ್ಲಾಟಿನ ಸುತ್ತಲೂ ಒಂದು ಸುತ್ತು ಹೊಡೆಯಬೇಕು: ಒಂದಕ್ಕೆ 20 ಮಿ.ಮೀ. ಮೇಲೆ, ಅರವತ್ತಕ್ಕೆ 1,230 ಮಿ.ಮೀ. ದಾಟುತ್ತದೆ. ಅದರ ಬದಲು "ಲೇಸರ್ ಒಂದೇ ಗೆರೆಯಲ್ಲಿ ಎಷ್ಟು ಅಗಲ ಕೊಡುತ್ತದೋ ಅಷ್ಟೇ ಸ್ಲಾಟ್" ಅಂತ ಒಪ್ಪಿಕೊಂಡರೆ 600 ಮಿ.ಮೀ.ಗೆ ಮುಗಿಯಿತು. ಬಿಲ್ಲೆಯ ಹೊರಸುತ್ತು 157 ಮಿ.ಮೀ. ಎರಡಕ್ಕೂ ಒಂದೇ. ಫೋಕಸ್ ಕೊಂಚ ಬದಲಿಸಿ ಗೆರೆಯನ್ನು ಅಗಲ ಮಾಡುವ ನುರಿತ ಆಪರೇಟರ್‌ಗಳೂ ಇದ್ದಾರೆ, ಕೆಳಗಡೆ ಕರಗಿದ ಲೋಹದ ಕಿಟ್ಟ ಜಾಸ್ತಿ ಕಟ್ಟುತ್ತದೆ ಅಷ್ಟೇ. ಕಿರಿದಾದ ಸ್ಲಾಟ್ ಒಪ್ಪಿಕೊಂಡರೆ ತೆರೆದ ಜಾಗ ಕಡಿಮೆಯಾಗುತ್ತದೆ, ಅದನ್ನು ಸರಿದೂಗಿಸಲು ಸ್ಲಾಟುಗಳನ್ನು ಉದ್ದ ಮಾಡಿ, ಸಂಖ್ಯೆ ಹೆಚ್ಚಿಸಬೇಡಿ. ಹತ್ತರ ಬದಲು ಇಪ್ಪತ್ತು ಮಿ.ಮೀ. ಉದ್ದದ ಮೂವತ್ತು ಸ್ಲಾಟ್ ಅಂದರೆ ಕತ್ತರಿಸುವ ಉದ್ದ ಅಷ್ಟೇ, ಚುಚ್ಚುವುದು ಅರ್ಧ.

ಹತ್ತಿರದಿಂದ ನೋಡಬೇಕಾದ ಜಾಗ ಚುಚ್ಚಿದ ಬಿಂದು. ಅಲ್ಲಿ ಸಾಲಿಗಿಂತ ಸ್ವಲ್ಪ ದೊಡ್ಡ ಗುಂಡನೆ ತೂತು ಬೀಳುತ್ತದೆ. 0.15ರ ಸ್ಲಾಟ್ ಅಂತ ನೀವು ಮಾರಿದ ಜರಡಿಯಲ್ಲಿ ಅರವತ್ತು ಕಡೆ 0.25ರ ತೂತು ಇದ್ದರೆ ಅದು 0.25ರ ಜರಡಿ. ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಸ್ಲಾಟಿನ ಒಂದು ತುದಿಯಲ್ಲಿ ಬೆಂಕಿಕಡ್ಡಿಯ ತಲೆಯಂತೆ ಕಾಣುತ್ತದೆ. ಸ್ಯಾಂಪಲ್ ಬಂದ ಕೂಡಲೇ ಅದನ್ನು ಅಳೆಯಿರಿ.

ಗ್ಯಾಸ್ ವಿಷಯಕ್ಕೆ ಬಂದರೆ, ನೈಟ್ರೋಜನ್‌ನಲ್ಲಿ ಕತ್ತರಿಸಿದರೆ ಅಂಚು ಬೆಳ್ಳಗೆ ಉಳಿಯುತ್ತದೆ, ಗಾಳಿಯಲ್ಲಿ ಕತ್ತರಿಸಿದರೆ ಅಗ್ಗ ಆದರೆ ಅಂಚು ಕಂದು. ಆ ಕಂದು ಜಾಗವೇ ಮುಂದೆ ತುಕ್ಕು ಹಿಡಿಯುವ ಜಾಗ. ಪಿಕ್ಲಿಂಗ್ (ಆ್ಯಸಿಡ್‌ನಲ್ಲಿ ತೊಳೆಯುವುದು) ಮಾಡಿಸಿದರೆ ಹೋಗುತ್ತದೆ, ಅಲ್ಲಿಗೆ ಉಳಿಸಿದ ದುಡ್ಡು ಅಲ್ಲಿಗೇ. ಇನ್ನು 50 ಮಿ.ಮೀ. ಬಿಲ್ಲೆ ಲೇಸರ್ ಯಂತ್ರದ ಬೆಡ್‌ನ ಪಟ್ಟಿಗಳ ನಡುವೆ ಕೆಳಗೆ ಬೀಳದಂತೆ ಒಂದೆರಡು ಕಡೆ ಕೂದಲೆಳೆಯಷ್ಟು ಜೋಡಣೆ ಬಿಡಲು ಹೇಳಿ. ಪಕ್ಕಪಕ್ಕದ ಸ್ಲಾಟುಗಳನ್ನು ಒಂದರ ಹಿಂದೊಂದು ಕತ್ತರಿಸದೆ ದೂರದೂರಕ್ಕೆ ಹಾರಿ ಕತ್ತರಿಸಲೂ ಹೇಳಿ, ಇಲ್ಲದಿದ್ದರೆ ಶಾಖಕ್ಕೆ ಬಿಲ್ಲೆ ಬಟ್ಟಲಿನಂತಾಗುತ್ತದೆ.

ವೈರ್‌ಕಟ್

"ನಲವತ್ತು ತಗಡು ಒಟ್ಟಿಗೆ ಇಟ್ಟು ಕತ್ತರಿಸಿಬಿಡೋಣ, ನಲವತ್ತರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ" ಅನ್ನುವ ನಂಬಿಕೆ ಬಹಳ ಜನಕ್ಕಿದೆ. ಇಳಿಯುವುದಿಲ್ಲ. ವೈರ್‌ಕಟ್‌ನಲ್ಲಿ ಹೊತ್ತು ಹೋಗುವುದು ಕತ್ತರಿಸಿದ ಮುಖದ ಚದರ ಮಿ.ಮೀ. ಲೆಕ್ಕದಲ್ಲಿ. ಒಂದು ಬಿಲ್ಲೆಗೆ 60 ಸ್ಲಾಟ್, 10 ಉದ್ದ, 0.5 ದಪ್ಪ: 300 ಚದರ ಮಿ.ಮೀ. ನಲವತ್ತು ಸೇರಿ 20 ಮಿ.ಮೀ. ದಪ್ಪದ ಕಟ್ಟು ಮಾಡಿದರೆ 12,000 ಚದರ ಮಿ.ಮೀ., ನಲವತ್ತರಿಂದ ಭಾಗಿಸಿದರೆ ಮತ್ತೆ ಅದೇ 300. ಉಳಿಯುವುದು ಬೇರೆ ಕಡೆ. ನಾಲ್ಕೂ ಕಡೆ ಮುಚ್ಚಿದ ಸ್ಲಾಟ್ ಆದ್ದರಿಂದ ಪ್ರತಿ ಸ್ಲಾಟಿಗೂ ಮೊದಲು ಒಂದು ತೂತು ಕೊರೆದು, ಅದರೊಳಗೆ ತಂತಿ ಪೋಣಿಸಿ, ಕತ್ತರಿಸಿ, ತಂತಿ ಬಿಚ್ಚಿ ಮುಂದಕ್ಕೆ ಹೋಗಬೇಕು. ಒಂದೊಂದೇ ತಗಡಾದರೆ ಬಿಲ್ಲೆಗೆ ಅರವತ್ತು ಸಲ ಈ ಪೂಜೆ. ಕಟ್ಟಿನಲ್ಲಾದರೆ ನಲವತ್ತು ಬಿಲ್ಲೆಗೂ ಸೇರಿ ಅರವತ್ತು ಸಲ.

ಆ ತೂತೇ ವೈರ್‌ಕಟ್‌ನ ಶಾಪವೂ ಹೌದು. ಅದನ್ನು ವಿದ್ಯುತ್ ಕಿಡಿಯಿಂದ ಕೊರೆಯುವ ಇಡಿಎಂ ಡ್ರಿಲ್ ಮಾಮೂಲಾಗಿ ಬಿಡುವ ತೂತು ಅರ್ಧ ಮಿ.ಮೀ. ಅಥವಾ ಅದಕ್ಕಿಂತ ದೊಡ್ಡದು. 0.3ರ ಸ್ಲಾಟಿನ ತುದಿಗೆ 0.5ರ ತೂತು ಇಟ್ಟ ಮೇಲೆ ಸ್ಲಾಟನ್ನು ಅಷ್ಟು ನಾಜೂಕಾಗಿ ಕತ್ತರಿಸಿದ್ದು ಯಾವ ಭಾಗ್ಯಕ್ಕೆ? ತಪ್ಪಿಸಿಕೊಳ್ಳಲು ಒಂದು ದಾರಿ: ಸ್ಲಾಟುಗಳನ್ನು ಒಂದು ಕಡೆ ತೆರೆದಿಟ್ಟು, ಬಿಲ್ಲೆಯನ್ನು ಬಾಚಣಿಗೆ ಆಕಾರಕ್ಕೆ ತರುವುದು. ತಂತಿ ಅಂಚಿನಿಂದಲೇ ಒಳಗೆ ಹೋಗಿ ಬರುತ್ತದೆ, ತೂತೂ ಬೇಡ, ಪೋಣಿಸುವುದೂ ಬೇಡ. ತೆರೆದ ಕಡೆಯನ್ನು ಆಮೇಲೆ ರಿಂಗ್ ಹಾಕಿ ಹಿಡಿಸಬೇಕು. ಡ್ರಾಯಿಂಗ್ ಬದಲಿಸಲು ಒಪ್ಪಿದರೆ ಮಾತ್ರ ವೈರ್‌ಕಟ್ ದುಡ್ಡಿಗೆ ತಕ್ಕ ಕೆಲಸ.

ತಂತಿಯ ಆಯ್ಕೆಯೂ ಮುಖ್ಯ. ನಮ್ಮ ಕಡೆಯ ಜಾಬ್‌ವರ್ಕ್ ಶೆಡ್‌ಗಳಲ್ಲಿರುವ ಅಗ್ಗದ ಯಂತ್ರಗಳು 0.18ರ ಮಾಲಿಬ್ಡಿನಮ್ ತಂತಿಯನ್ನು ಹಿಂದೆ ಮುಂದೆ ಓಡಿಸಿ ಮತ್ತೆ ಮತ್ತೆ ಬಳಸುತ್ತವೆ, ಸಾಲು 0.2ರ ಆಸುಪಾಸು. ಹಿತ್ತಾಳೆ ತಂತಿಯ ಯಂತ್ರದಲ್ಲಿ 0.25ರ ತಂತಿ ಒಂದೇ ಓಟಕ್ಕೆ ಸುಮಾರು 0.3 ಬಿಡುತ್ತದೆ, ನಮಗೆ ಬೇಕಾದದ್ದೇ. ಆದರೆ ತಂತಿ ಒಂದು ಸಲ ಓಡಿದರೆ ಗುಜರಿಗೆ, ಅದಕ್ಕೇ ರೇಟು ಮೇಲೆ. ಮಾಲಿಬ್ಡಿನಮ್‌ನಲ್ಲಿ 0.3 ಮಾಡಿಸಹೋದರೆ ಸುತ್ತಿ ಕತ್ತರಿಸಬೇಕು, 300 ಹೋಗಿ 600 ಆಗುತ್ತದೆ. ಅದಕ್ಕೆ ಕೊಟೇಶನ್ ಕೇಳುವಾಗ "ನಿಮ್ಮ ಯಂತ್ರದಲ್ಲಿ ಒಂದೇ ಓಟಕ್ಕೆ ಸಾಲು ಎಷ್ಟು ಬೀಳುತ್ತದೆ?" ಅಂತ ಮೊದಲು ಕೇಳಿ, ಆಮೇಲೆ ಡ್ರಾಯಿಂಗ್ ತೋರಿಸಿ.

ಎಚಿಂಗ್: ನಮ್ಮವರು ಕೇಳದೇ ಬಿಡುವ ದಾರಿ

ತಗಡಿನ ಎರಡೂ ಮುಖಕ್ಕೆ ಬೆಳಕಿಗೆ ಗಟ್ಟಿಯಾಗುವ ಪದರ ಅಂಟಿಸಿ, ಫಿಲ್ಮ್ ಇಟ್ಟು ಬೆಳಕು ಬಿಟ್ಟು, ಸ್ಲಾಟಿನ ಜಾಗ ಮಾತ್ರ ಬರಿದು ಮಾಡಿ, ಫೆರಿಕ್ ಕ್ಲೋರೈಡ್ ಚಿಮ್ಮಿಸಿ ಲೋಹವನ್ನು ಕರಗಿಸುವ ವಿಧಾನ. ಶಾಖ ಇಲ್ಲ, ಬರ್ (ಅಂಚಿನಲ್ಲಿ ಏಳುವ ಚೂಪು ಚೂರು) ಇಲ್ಲ, ಬಿಲ್ಲೆ ಸೊಟ್ಟಗಾಗುವುದಿಲ್ಲ. ಡೈ ಬದಲು ಒಂದು ಫಿಲ್ಮ್, ಅದು ಹೆಚ್ಚು ಖರ್ಚಿನದಲ್ಲ. ಸ್ಲಾಟ್ ಸಾಲದು ಅನ್ನಿಸಿದರೆ ಹೊಸ ಫಿಲ್ಮ್, ಅಷ್ಟೇ.

ಎಲ್ಲಕ್ಕಿಂತ ದೊಡ್ಡ ಲಾಭ ಅಂದರೆ, ಇಲ್ಲಿ ಸ್ಲಾಟುಗಳ ಸಂಖ್ಯೆಗೆ ದುಡ್ಡಿಲ್ಲ. ಆ್ಯಸಿಡ್‌ಗೆ ಅರವತ್ತೂ ಒಂದೇ ಆರುನೂರೂ ಒಂದೇ, ಎಲ್ಲವೂ ಒಟ್ಟಿಗೆ ಕರಗುತ್ತವೆ. ಬಿಲ್ ಬೀಳುವುದು ಶೀಟಿನ ವಿಸ್ತೀರ್ಣಕ್ಕೆ, ದಪ್ಪಕ್ಕೆ. ಲೇಸರ್, ವೈರ್‌ಕಟ್‌ಗಳಲ್ಲಿ ಸ್ಲಾಟ್ ಹೆಚ್ಚಿಸಿದಷ್ಟೂ ಜೇಬು ಹಗುರ. ಎಚಿಂಗ್‌ನಲ್ಲಿ ತೆರೆದ ಜಾಗವನ್ನು ನೂರಕ್ಕೆ 12ರಿಂದ 25ಕ್ಕೆ ಏರಿಸಿದರೂ ರೇಟು ಅಷ್ಟೇ.

ಷರತ್ತು ಒಂದೇ. ಸ್ಲಾಟಿನ ಅಗಲ ತಗಡಿನ ದಪ್ಪಕ್ಕಿಂತ ಹತ್ತಿಪ್ಪತ್ತು ಶೇಕಡ ಹೆಚ್ಚಿರಬೇಕು, ಯಾಕೆಂದರೆ ಆ್ಯಸಿಡ್ ಕೆಳಗೆ ಇಳಿಯುತ್ತಲೇ ಪಕ್ಕಕ್ಕೂ ತಿನ್ನುತ್ತದೆ. 0.5ರ ತಗಡಿನಲ್ಲಿ 0.3 ಬರುವುದಿಲ್ಲ. 0.25ರ ತಗಡಾದರೆ ಸಲೀಸು. ತಗಡು ಅರ್ಧ ದಪ್ಪವಾದರೆ ಬಾಗದೆ ನಿಲ್ಲುವ ಶಕ್ತಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ, ಪಂಪಿನ ಒತ್ತಡಕ್ಕೆ ಬಿಲ್ಲೆ ಉಬ್ಬುತ್ತದೆ. ಹಿಂದುಗಡೆ ಒಂದು ಮಿ.ಮೀ. ದಪ್ಪದ, 5 ಮಿ.ಮೀ. ತೂತಿನ ಪರ್ಫೊರೇಟೆಡ್ ಬಿಲ್ಲೆ ಆನಿಸಿದರೆ ಸರಿಹೋಗುತ್ತದೆ. ಎರಡು ಬಿಲ್ಲೆ ಸೇರಿದರೂ ಎಷ್ಟೋ ಸಲ ಒಂದು ದಪ್ಪ ಲೇಸರ್ ಬಿಲ್ಲೆಗಿಂತ ಕಡಿಮೆಗೆ ಬೀಳುತ್ತದೆ, ಲೆಕ್ಕ ಹಾಕಿ ನೋಡಿ.

ಇದನ್ನು ತುಮಕೂರಿನಲ್ಲಿ ಹುಡುಕಿ ಕಾಲ ಕಳೆಯುವುದಕ್ಕಿಂತ ನೇರ ಬೆಂಗಳೂರಿಗೆ ಹೋಗುವುದು ಮೇಲು. ನೇಮ್‌ಪ್ಲೇಟ್ ಮಾಡುವವರು ಅರ್ಧ ಆಳಕ್ಕೆ ತಿನ್ನಿಸುತ್ತಾರೆ, ಆರುಪಾರು ಮಾಡುವ ಅನುಭವ ಇದೆಯೇ ಅಂತ ಮೊದಲೇ ಕೇಳಿಕೊಳ್ಳಿ. ಶೆಡ್‌ನ ಹಿಂದೆ ಡ್ರಮ್ ಇಟ್ಟು ನಾವೇ ಮಾಡಿಕೊಳ್ಳೋಣ ಅನ್ನುವ ಯೋಚನೆ ಬೇಡ. ಬಳಸಿದ ದ್ರಾವಣದಲ್ಲಿ ಕ್ರೋಮಿಯಂ, ನಿಕ್ಕಲ್ ಕರಗಿರುತ್ತದೆ. ಮಾಲಿನ್ಯ ಮಂಡಳಿಯ ಒಪ್ಪಿಗೆ, ತ್ಯಾಜ್ಯದ ವಿಲೇವಾರಿ ಎಲ್ಲ ಸೇರಿದರೆ ಜರಡಿಯ ಉಳಿತಾಯ ಯಾವ ಮೂಲೆಗೆ.

ಕತ್ತರಿಸದೆಯೇ ಸ್ಲಾಟ್

ಪಾವಗಡ, ಮಧುಗಿರಿ ಕಡೆಯ ಕಡಲೆಕಾಯಿ ಎಣ್ಣೆ ಮಿಲ್ಲಿನಲ್ಲಿ ಎಣ್ಣೆ ಹಿಂಡುವ ಎಕ್ಸ್‌ಪೆಲ್ಲರ್ ಯಂತ್ರ ಬಿಚ್ಚಿದ್ದನ್ನು ನೋಡಿದ್ದೀರಾ? ಎಣ್ಣೆ ಸೋರುವ ಸ್ಲಾಟನ್ನು ಅಲ್ಲಿ ಯಾರೂ ಕತ್ತರಿಸಿಲ್ಲ. ಉಕ್ಕಿನ ಪಟ್ಟಿಗಳನ್ನು ಪಕ್ಕಪಕ್ಕ ಜೋಡಿಸಿ ನಡುವೆ ತೆಳು ತಗಡಿನ ಶಿಮ್ ಇಟ್ಟು ಬಿಗಿದಿರುತ್ತಾರೆ. ಶಿಮ್ಮಿನ ದಪ್ಪವೇ ಸ್ಲಾಟಿನ ಅಗಲ. ಬೇರೆ ಕಾಳು ಹಾಕಬೇಕಾದರೆ ಶಿಮ್ ಬದಲಿಸುತ್ತಾರೆ. ಇದೇ ತತ್ತ್ವವನ್ನು ಸಣ್ಣ ಜರಡಿಗೆ ತಂದರೆ, ಮಾಮೂಲಿ ವಾಷರ್ ಡೈಯಲ್ಲಿ ಹೊಡೆದ ರಿಂಗುಗಳ ಒಂದು ಮುಖದಲ್ಲಿ ಮೂರು ಕಡೆ 0.3 ಮಿ.ಮೀ. ಉಬ್ಬು ಎಬ್ಬಿಸಿ, ಒಂದರ ಮೇಲೊಂದು ಪೇರಿಸಿ, ನಡುವೆ ಬೋಲ್ಟ್ ಹಾಕಿದರೆ ಸುತ್ತಲೂ 0.3ರ ಸ್ಲಾಟಿರುವ ಕೊಳವೆ ಜರಡಿ ಸಿದ್ಧ. ಕಟ್ಟಿಕೊಂಡರೆ ನಟ್ ಸಡಿಲಿಸಿ ತೊಳೆಯುವುದು. ಸುರುಳಿಗಳ ನಡುವೆ ಇಷ್ಟೇ ಸಂದು ಬಿಟ್ಟು ಸುತ್ತಿದ ಸ್ಪ್ರಿಂಗ್ ಕೂಡ ಜರಡಿಯೇ. ಚಪ್ಪಟೆ ಬಿಲ್ಲೆಯೇ ಕೂರಬೇಕಾದ ಜಾಗಕ್ಕೆ ಇವು ಆಗುವುದಿಲ್ಲ ನಿಜ. ಆದರೆ ಫಿಲ್ಟರ್ ಬಾಡಿ ಇನ್ನೂ ಡ್ರಾಯಿಂಗ್‌ನಲ್ಲೇ ಇದ್ದರೆ, ಅಲ್ಲೇ ನಿಲ್ಲಿಸಿ ಇದನ್ನು ಯೋಚಿಸಿ.

ವೆಡ್ಜ್ ವೈರ್ ಜರಡಿ ಈ ಜಾತಿಯ ಶ್ರೀಮಂತ ಬಂಧು: ಬೆಣೆ ಆಕಾರದ ತಂತಿಯನ್ನು ಸರಳುಗಳ ಮೇಲೆ ಸುತ್ತಿ ಸೇರುವ ಪ್ರತಿ ಜಾಗದಲ್ಲೂ ವೆಲ್ಡ್ ಮಾಡಿರುತ್ತಾರೆ. ಸ್ಲಾಟ್ ಒಳಗೆ ಹೋದಂತೆ ಅಗಲವಾಗುವುದರಿಂದ ಹರಳು ಸಿಕ್ಕಿಕೊಳ್ಳುವುದಿಲ್ಲ. ಗುಣದಲ್ಲಿ ಎಲ್ಲಕ್ಕಿಂತ ಮೇಲು, 50 ಮಿ.ಮೀ. ಬಿಲ್ಲೆಗೆ ಬೆಲೆಯೂ ಹಾಗೇ. ವಾಟರ್‌ಜೆಟ್ ಸಾಲು ಒಂದು ಮಿ.ಮೀ. ಹತ್ತಿರ, ಇಲ್ಲಿ ಅದರ ಮಾತೇ ಬೇಡ. ಮಿಲ್ಲಿಂಗ್‌ನಲ್ಲಿ ಸ್ಲಿಟ್ಟಿಂಗ್ ಸಾ (ತೆಳು ಗುಂಡು ಗರಗಸ) ಹಾಕಿ ಒಂದೊಂದೇ ಕೊಯ್ಯುವುದು ದಪ್ಪ ಹಿತ್ತಾಳೆ ಕೊಳವೆಗೆ ಸರಿ, ತೆಳು ಸ್ಟೇನ್‌ಲೆಸ್‌ಗೆ ಅಲ್ಲ.

ಎಷ್ಟು ಪೀಸಿಗೆ ಯಾವುದು

ಲೆಕ್ಕ ತೋರಿಸಲು ಅಂಕಿ ಹಿಡಿಯುತ್ತೇನೆ, ಇವು ಮಾರುಕಟ್ಟೆ ರೇಟಲ್ಲ. ಡೈ 80,000 ರೂಪಾಯಿ, ಡೈಯಲ್ಲಿ ಒಂದು ಬಿಲ್ಲೆಗೆ ತಗಡು ಸೇರಿ 4 ರೂಪಾಯಿ, ಲೇಸರ್‌ನಲ್ಲಿ 30 ರೂಪಾಯಿ ಅಂದುಕೊಳ್ಳಿ. ಬಿಲ್ಲೆಗೆ 26 ರೂಪಾಯಿ ಉಳಿಯುತ್ತದೆ, 80,000 ಹುಟ್ಟಲು ಮೂರು ಸಾವಿರದ ಚಿಲ್ಲರೆ ಬಿಲ್ಲೆ ಬೇಕು. ನಿಮಗೆ ಬಂದ ನಿಜವಾದ ಕೊಟೇಶನ್‌ಗಳನ್ನು ಈ ಜಾಗದಲ್ಲಿಟ್ಟು ಭಾಗಿಸಿ. ಆದರೆ ಬಂದ ಉತ್ತರವನ್ನು ಎರಡರಿಂದ ಗುಣಿಸಿಕೊಳ್ಳಿ ಅನ್ನುವುದು ನನ್ನ ಸಲಹೆ, ಯಾಕೆಂದರೆ ಪಂಚ್ ಸಾಣೆ, ಮುರಿದ ಪಂಚ್, ಮೊದಲ ವರ್ಷದಲ್ಲಿ ಡಿಸೈನ್ ಬದಲಾಗುವ ಸಂಭವ ಇವು ಯಾವುವೂ ಆ ಭಾಗಾಕಾರದಲ್ಲಿಲ್ಲ. ನೂರಿನ್ನೂರು ಪೀಸಿಗೆ ಲೇಸರ್, ಕೆಲವು ಸಾವಿರದವರೆಗೆ ತೆಳು ತಗಡಿನ ಎಚಿಂಗ್, ಅದರಾಚೆ ಡಿಸೈನ್ ಗಟ್ಟಿಯಾದ ಮೇಲೆ ಡೈ: ಇದು ನಾನು ಹೇಳುವ ಕ್ರಮ. ಬಾಚಣಿಗೆ ಆಕಾರ ಒಪ್ಪದಿದ್ದರೆ ವೈರ್‌ಕಟ್‌ಗೆ ಈ ಸಾಲಿನಲ್ಲಿ ಜಾಗವಿಲ್ಲ; ಡೈಯನ್ನೇ ಮಾಡಲು ಅದು ಬೇಕು, ಜರಡಿ ಮಾಡಲು ಅಲ್ಲ.

ತಗಡು, ನೀರು, ಆ್ಯಸಿಡ್

ದರ ಕಡಿಮೆ ಮಾಡಲು ಸುಲಭದ ಮೋಸ ತಗಡಿನಲ್ಲಿ. 304 ಅಂತ ಹೇಳಿ ಅಗ್ಗದ 202 ಸ್ಟೇನ್‌ಲೆಸ್ ಕೊಡುತ್ತಾರೆ. ಅಯಸ್ಕಾಂತ ಇಟ್ಟು ಪರೀಕ್ಷೆ ಮಾಡಿದೆ ಅನ್ನುವವರಿಗೆ ಹೇಳಬೇಕಾದ್ದು, ಎರಡೂ ಅಯಸ್ಕಾಂತಕ್ಕೆ ಅಂಟುವುದಿಲ್ಲ. 202ರಲ್ಲಿ ಮ್ಯಾಂಗನೀಸ್ ಜಾಸ್ತಿ. ಗುಜರಿ ವ್ಯಾಪಾರಿಗಳ ಹತ್ತಿರ ಅದಕ್ಕೆಂದೇ ಹನಿ ಹಾಕಿ ಬಣ್ಣ ನೋಡುವ ಬಾಟಲಿ ಇರುತ್ತದೆ, ಒಂದು ತಂದಿಟ್ಟುಕೊಳ್ಳಿ. ದಪ್ಪವನ್ನು ಗೇಜಿನಲ್ಲಿ ಹೇಳಬೇಡಿ. 26 ಗೇಜ್ ಅಂದರೆ ಬ್ರಿಟಿಷ್ ಪಟ್ಟಿಯಲ್ಲಿ 0.457 ಮಿ.ಮೀ., 24 ಅಂದರೆ 0.559, ನಿಮ್ಮ 0.5 ಎರಡರ ನಡುವೆ ಬೀಳುತ್ತದೆ, ತೆಳುವಾದದ್ದನ್ನೇ ಕೊಡುತ್ತಾರೆ.

ಮೈಲುತುತ್ತ ತಾಗುವ ಕಡೆ ಕಬ್ಬಿಣ ಖಂಡಿತ ಬೇಡ, ತಾಮ್ರ ಅದರ ಮೇಲೆ ಕೂತು ಕಬ್ಬಿಣವನ್ನು ತಿನ್ನುತ್ತದೆ. ಸ್ಟೇನ್‌ಲೆಸ್ ತಡೆಯುತ್ತದೆ. ಆದರೆ ಕೋಲಾರದ ಗಡಸು ನೀರಿನ ರೈತರು ಡ್ರಿಪ್ ಲೈನ್ ತೊಳೆಯಲು ಹೈಡ್ರೋಕ್ಲೋರಿಕ್ ಆ್ಯಸಿಡ್ ಬಿಡುತ್ತಾರಲ್ಲ, ಅದು 304ನ್ನೂ ಬಿಡುವುದಿಲ್ಲ, ಅದಕ್ಕಿಂತ ಮೇಲಿನ ದರ್ಜೆಯ 316ನ್ನೂ ಬಿಡುವುದಿಲ್ಲ. ಆ ಲೈನಿಗೆ ಪ್ಲಾಸ್ಟಿಕ್ ಜರಡಿಯೇ ಸರಿ, ಲೋಹದ್ದನ್ನು ಮಾರಿ ಹೆಸರು ಕೆಡಿಸಿಕೊಳ್ಳಬೇಡಿ.

ಆರ್ಡರ್ ಕೊಡುವಾಗ

ಸ್ಲಾಟಿನ ಅಗಲಕ್ಕೆ "0.3" ಅಂತಷ್ಟೇ ಬರೆದರೆ ಜಗಳಕ್ಕೆ ಆಹ್ವಾನ. "0.25ರ ಫೀಲರ್ ಹೋಗಬೇಕು, 0.35ರದು ಹೋಗಬಾರದು, ಚುಚ್ಚಿದ ತುದಿ ಸೇರಿ" ಅಂತ ಬರೆಯಿರಿ; ಅವರೂ ಅದೇ ಫೀಲರ್ ಗೇಜ್‌ನಲ್ಲಿ (ಗೊತ್ತಾದ ದಪ್ಪದ ತೆಳು ಪಟ್ಟಿಗಳು) ಅಳೆಯುತ್ತಾರೆ, ವಾದ ಇರುವುದಿಲ್ಲ. ಅಳತೆಯ ಸಡಿಲಿಕೆ ಎಲ್ಲಿ ಕೊಡಬಹುದೋ ಅಲ್ಲಿ ಧಾರಾಳವಾಗಿ ಕೊಡಿ: ಸ್ಲಾಟಿನ ಉದ್ದ ಅರ್ಧ ಮಿ.ಮೀ. ಹೆಚ್ಚುಕಡಿಮೆಯಾದರೆ ಯಾರ ಗಂಟೂ ಹೋಗುವುದಿಲ್ಲ.

ಯಾವ ಮುಖ ಕೊಳಕು ನೀರಿನ ಕಡೆ ಅನ್ನುವುದನ್ನೂ ಡ್ರಾಯಿಂಗಿನಲ್ಲಿ ಗುರುತು ಹಾಕಿ. ಡೈಯಲ್ಲಿ ಹೊಡೆದ ಸ್ಲಾಟ್ ಪಂಚ್ ಒಳಗೆ ಹೋದ ಕಡೆ ಕಿರಿದು, ಹೊರಗೆ ಬಂದ ಕಡೆ ಸ್ವಲ್ಪ ಅಗಲ, ಬರ್ ಕೂಡ ಅಲ್ಲೇ. ಕಿರಿದಾದ ಮುಖ ಕೊಳಕಿನ ಕಡೆ ಇದ್ದರೆ ಬಾಯಲ್ಲಿ ತೂರಿದ ಹರಳು ಒಳಗೆ ಸಿಕ್ಕದೆ ಹೊರಟುಹೋಗುತ್ತದೆ. ತಿರುವು ಮುರುವಾಗಿ ಕೂರಿಸಿದರೆ ಹರಳು ಬೆಣೆಯಂತೆ ಕೂತು, ರೈತರು ಸ್ಕ್ರೂಡ್ರೈವರ್ ಹಾಕುತ್ತಾರೆ, ಅಲ್ಲಿಗೆ ಜರಡಿಯ ಕಥೆ ಮುಗಿಯಿತು. ಲೇಸರ್ ಬಿಲ್ಲೆಯಲ್ಲಿ ಸಾಮಾನ್ಯವಾಗಿ ಕಿರಿದಾದದ್ದು ಕೆಳಮುಖ, ಕಿಟ್ಟ ಕಟ್ಟುವುದೂ ಅಲ್ಲೇ. ಆ ಮುಖವನ್ನು ಎಮರಿಯಲ್ಲಿ ಉಜ್ಜಿಸಿಯೇ ತೆಗೆದುಕೊಳ್ಳಿ.

ಡೈ ಮಾಡಿಸುವುದಾದರೆ ಡೈ ನಿಮ್ಮದು ಅಂತ ಆರ್ಡರಿನಲ್ಲೇ ಬರೆಸಿ, ಡೈ ಡ್ರಾಯಿಂಗ್ ಈಸಿಕೊಳ್ಳಿ, ಹೆಚ್ಚುವರಿ ಪಂಚುಗಳನ್ನು ಅದೇ ಸಲ ಮಾಡಿಸಿ. ಒಂದು ಪಂಚ್‌ಗೆ ಆಮೇಲೆ ಹೋಗಿ ಕೇಳಿದರೆ ಅವರ ಯಂತ್ರ ಖಾಲಿ ಇರುವುದು ನಿಮ್ಮ ಸೀಸನ್ ಮುಗಿದ ಮೇಲೆ.